ಕ್ಯಾನ್ಸರ್‌ಗೆ ಬೇಕಿರುವುದು ‘ಇಮ್ಯೂನಿಟಿ ಬೂಸ್ಟರ್’ ಅಲ್ಲ

ಕೊರೋನಾ ಬಂದು ಹೋದ ಮೇಲೆ ನಮ್ಮ ದವಾಖಾನೆಗಳಲ್ಲಿ ಅತಿ ಹೆಚ್ಚು ಕೇಳಿಬರುವ ಪದ ‘ಇಮ್ಯೂನಿಟಿ’. ಮಗುವಿಗೆ ಶೀತವಾದರೂ ಇಮ್ಯೂನಿಟಿಗೆ ಏನಾದರೂ ಕೊಡಿ, ಅಜ್ಜನಿಗೆ ಸುಸ್ತಾದರೂ ಇಮ್ಯೂನಿಟಿಗೆ ಏನಾದರೂ ಕೊಡಿ. ಇಷ್ಟಕ್ಕೇ ನಿಂತಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಆದರೆ ಈಗ ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ವರದಿ ಬಂದವರ ಮನೆಯವರೂ ಅದೇ ಮಾತು ಹಿಡಿದು ಬರುತ್ತಾರೆ. “ಹಕೀಂ ಸಾಬ್, ಕೀಮೋ ಬೇಡ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಇಮ್ಯೂನಿಟಿ ಹೆಚ್ಚಾದರೆ ದೇಹವೇ ಗಡ್ಡೆಯನ್ನು ತಿಂದು ಹಾಕುತ್ತದಂತೆ, ವಾಟ್ಸಾಪ್‌ನಲ್ಲಿ ಬಂದಿದೆ.”

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಜೀವ ತೆಗೆಯುವಂಥದ್ದು. ಯುನಾನಿ ವೈದ್ಯನೇ ಇದನ್ನು ಹೇಳಿದರೆ ಕೇಳುವವರು ಸ್ವಲ್ಪ ಹೆಚ್ಚು ಇರಬಹುದೆಂದು ಬರೆಯುತ್ತಿದ್ದೇನೆ.

ಮೊದಲು ಸತ್ಯದ ಅರ್ಧ. ನಮ್ಮ ರಕ್ತದಲ್ಲಿರುವ ಬಿಳಿಕಣಗಳಲ್ಲಿ ‘ಟಿ ಕಣ’ ಎಂಬ ಒಂದು ಬಗೆಯಿದೆ. ದಾರಿ ತಪ್ಪಿದ ಜೀವಕೋಶವನ್ನು ಗುರುತಿಸಿ ಕೊಲ್ಲುವ ಸಾಮರ್ಥ್ಯ ಅಲ್ಲಾಹನು ಇವುಗಳಿಗೆ ಕೊಟ್ಟಿದ್ದಾನೆ. ಬೇರೆಯವರ ಮೂತ್ರಪಿಂಡ ಜೋಡಿಸಿಕೊಂಡು, ದೇಹ ಅದನ್ನು ತಿರಸ್ಕರಿಸದಿರಲೆಂದು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಮಾತ್ರೆ ನುಂಗುವವರಲ್ಲಿ ಕೆಲವು ಬಗೆಯ ಕ್ಯಾನ್ಸರ್ ಇತರರಿಗಿಂತ ಹೆಚ್ಚು. ಕಾವಲು ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಗಡ್ಡೆಯು ಟಿ ಕಣಗಳಿಗೆ ಹಾಕುವ ಬ್ರೇಕನ್ನು ತೆಗೆಯುವ ದಾರಿ ತೋರಿಸಿದ್ದಕ್ಕೆ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಇಮ್ಯುನೊಥೆರಪಿ ಎಂದು ಆಸ್ಪತ್ರೆಗಳಲ್ಲಿ ಕೊಡುವ ಔಷಧಗಳಲ್ಲಿ ಮುಖ್ಯವಾದವು ಅಲ್ಲಿಂದ ಬಂದವು.

ಆದರೆ ರೋಗನಿರೋಧಕ ಕಣಗಳಲ್ಲಿ ಟಿ ಕಣ ಒಂದೇ ಇಲ್ಲ. ಎಲ್ಲ ಕಣಗಳೂ ಕ್ಯಾನ್ಸರ್‌ನ ಶತ್ರುಗಳೂ ಅಲ್ಲ. ವಾಟ್ಸಾಪ್ ಸಂದೇಶಗಳಲ್ಲಿ ಈ ಭಾಗ ಎಂದೂ ಬರುವುದಿಲ್ಲ.

ಕಾಲಿಗೆ ಮುಳ್ಳು ಚುಚ್ಚಿತು ಎಂದುಕೊಳ್ಳಿ. ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ. ಇದೇ ಉರಿಯೂತ. ಯುನಾನಿಯಲ್ಲಿ ನಾವು ವರಮ್ ಎನ್ನುತ್ತೇವೆ. ಒಳಗೆ ನಡೆಯುವುದು ಇಷ್ಟು: ಮೊದಲು ನ್ಯೂಟ್ರೊಫಿಲ್ ಎಂಬ ಬಿಳಿಕಣಗಳು ಓಡಿ ಬಂದು ರೋಗಾಣುಗಳ ಮೇಲೆ ಬೀಳುತ್ತವೆ. ಹಿಂದೆಯೇ ಮ್ಯಾಕ್ರೊಫೇಜ್ ಎಂಬ ದೊಡ್ಡ ಕಣಗಳು ಬರುತ್ತವೆ. ಇವುಗಳಿಗೆ ಎರಡು ಕೆಲಸ. ಒಂದು, ರೋಗಾಣುಗಳನ್ನೂ ಸತ್ತ ಕೋಶಗಳನ್ನೂ ನುಂಗಿ ಜಾಗ ಚೊಕ್ಕಟ ಮಾಡುವುದು. ಎರಡು, ಗಾರೆ ಮೇಸ್ತ್ರಿಯ ಹಾಗೆ ಹಾಳಾದುದನ್ನು ಮತ್ತೆ ಕಟ್ಟುವುದು. ಹೊಸ ರಕ್ತನಾಳಗಳು ಬೆಳೆಯುವಂತೆ, ಸುತ್ತಲಿನ ಜೀವಕೋಶಗಳು ವಿಭಜನೆಗೊಂಡು ಗಾಯ ತುಂಬುವಂತೆ ರಾಸಾಯನಿಕ ಸಂದೇಶ ಕಳಿಸುವುದೂ ಇವೇ. ಗಾಯ ಮಾಗಿದ ಮೇಲೆ ಎಲ್ಲವೂ ಹಿಂದಿರುಗುತ್ತವೆ.

ಮುಳ್ಳು ಅಲ್ಲೇ ಉಳಿದರೆ? ದಿನವೂ ಹೊಸ ಮುಳ್ಳು ಚುಚ್ಚುತ್ತಲೇ ಇದ್ದರೆ? ಮೇಸ್ತ್ರಿ ಮನೆಗೆ ಹೋಗುವುದೇ ಇಲ್ಲ. ವರ್ಷಗಟ್ಟಲೆ ‘ಬೆಳೆಯಿರಿ, ವಿಭಜನೆಯಾಗಿ’ ಎಂಬ ಸಂದೇಶ ಹೋಗುತ್ತಲೇ ಇರುತ್ತದೆ. ರೋಗಾಣು ಕೊಲ್ಲಲು ಈ ಕಣಗಳು ಉಗುಳುವ ತೀಕ್ಷ್ಣ ರಾಸಾಯನಿಕಗಳು ನಮ್ಮದೇ ಜೀವಕೋಶಗಳ ಡಿಎನ್‌ಎಗೂ ಪೆಟ್ಟು ಕೊಡುತ್ತವೆ. ಒಂದು ಕಡೆ ಡಿಎನ್‌ಎಗೆ ಪೆಟ್ಟು, ಇನ್ನೊಂದು ಕಡೆ ಬಿಡುವಿಲ್ಲದ ವಿಭಜನೆ. ಕ್ಯಾನ್ಸರ್ ಹುಟ್ಟಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಜರ್ಮನಿಯ ರುಡಾಲ್ಫ್ ವಿರ್ಚೊ 1863ರಷ್ಟು ಹಿಂದೆಯೇ ಗಡ್ಡೆಗಳೊಳಗೆ ಬಿಳಿಕಣಗಳನ್ನು ಕಂಡು, ಬಹುಕಾಲದ ಉರಿಯೂತಕ್ಕೂ ಕ್ಯಾನ್ಸರ್‌ಗೂ ಸಂಬಂಧವಿದೆ ಎಂದಿದ್ದರು. ಬಹಳ ಕಾಲ ಯಾರೂ ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1986ರಲ್ಲಿ ಅಮೆರಿಕದ ಹೆರಾಲ್ಡ್ ಡ್ವೊರಾಕ್ ಗಡ್ಡೆಯನ್ನು ಮಾಗದ ಗಾಯಕ್ಕೆ ಹೋಲಿಸಿ ಬರೆದ ಮೇಲೆ ವಿಷಯ ಮತ್ತೆ ಚರ್ಚೆಗೆ ಬಂತು. ಇಂದು ಇದರಲ್ಲಿ ಅನುಮಾನ ಉಳಿದಿಲ್ಲ. ಹುಟ್ಟಿದ ಗಡ್ಡೆ ಮ್ಯಾಕ್ರೊಫೇಜ್‌ಗಳನ್ನು ತನ್ನತ್ತ ಕರೆದುಕೊಳ್ಳುತ್ತದೆ. ಅವುಗಳ ನುಂಗುವ ಕೆಲಸ ಬಿಡಿಸಿ ಮೇಸ್ತ್ರಿ ಕೆಲಸಕ್ಕೆ ಹಚ್ಚುತ್ತದೆ. ಅವು ಗಡ್ಡೆಗೆ ರಕ್ತನಾಳ ಎಳೆದು ತರುತ್ತವೆ, ಕ್ಯಾನ್ಸರ್ ಕಣಗಳು ಬೇರೆ ಅಂಗಗಳಿಗೆ ಹೊರಟುಹೋಗಲು ಸುತ್ತಲಿನ ಅಂಗಾಂಶವನ್ನು ಸಡಿಲ ಮಾಡಿಕೊಡುತ್ತವೆ, ಟಿ ಕಣಗಳು ಒಳಗೆ ಬಾರದಂತೆ ತಡೆಯುತ್ತವೆ. ಕೆಲವು ಸ್ತನ ಕ್ಯಾನ್ಸರ್ ಗಡ್ಡೆಗಳ ಅರ್ಧದವರೆಗಿನ ಭಾಗ ಮ್ಯಾಕ್ರೊಫೇಜ್‌ಗಳದ್ದೇ ಇರುತ್ತದೆ. ಟಿ ಕಣಗಳಲ್ಲೇ ಇನ್ನೊಂದು ಬಗೆಯಿದೆ, ನಿಯಂತ್ರಕ ಟಿ ಕಣ. ರೋಗನಿರೋಧಕ ಶಕ್ತಿ ನಮ್ಮ ಮೇಲೆಯೇ ತಿರುಗಿ ಬೀಳದಂತೆ ತಡೆಯುವುದು ಅದರ ಕೆಲಸ. 2025ರ ವೈದ್ಯಕೀಯ ನೊಬೆಲ್ ಬಂದದ್ದು ಈ ಸಂಶೋಧನೆಗೇ. ಗಡ್ಡೆ ಇವುಗಳನ್ನೂ ಸುತ್ತ ಕೂಡಿಹಾಕಿಕೊಂಡು ರಕ್ಷಣೆ ಪಡೆಯುತ್ತದೆ.

ಈಗ ಇಮ್ಯೂನಿಟಿ ಬೂಸ್ಟರ್ ಮಾರುವವರನ್ನು ಒಂದೇ ಪ್ರಶ್ನೆ ಕೇಳಬೇಕು. ನೀವು ಹೆಚ್ಚಿಸುವುದು ಯಾವ ಕಣವನ್ನು? ಗಡ್ಡೆಯನ್ನು ಕೊಲ್ಲುವ ಟಿ ಕಣವನ್ನೋ, ಅದಕ್ಕೆ ರಕ್ತನಾಳ ಕಟ್ಟಿಕೊಡುವ ಮ್ಯಾಕ್ರೊಫೇಜನ್ನೋ, ಅದಕ್ಕೆ ಕಾವಲು ನಿಂತ ನಿಯಂತ್ರಕ ಕಣವನ್ನೋ? ಡಬ್ಬಿಯ ಮೇಲೆ ಇದಕ್ಕೆ ಉತ್ತರ ಬರೆದಿರುವುದಿಲ್ಲ.

ಹಾಗಾದರೆ ಉರಿಯೂತವನ್ನು ಅದುಮಿಬಿಟ್ಟರೆ ಸಾಕೇ? ಅದೂ ಅಷ್ಟು ಸುಲಭವಲ್ಲ. ಹೃದಯಾಘಾತವಾದ ಹತ್ತು ಸಾವಿರಕ್ಕೂ ಹೆಚ್ಚು ಜನರಿಗೆ, ಉರಿಯೂತದ ಒಂದು ಮುಖ್ಯ ಸಂದೇಶವಾಹಕವನ್ನು ತಡೆಯುವ ಕನಾಕಿನುಮ್ಯಾಬ್ ಎಂಬ ಇಂಜೆಕ್ಷನ್ ಕೊಟ್ಟು ನೋಡಿದ ಅಧ್ಯಯನದ ಫಲ 2017ರಲ್ಲಿ ಬಂತು. ಶ್ವಾಸಕೋಶದ ಕ್ಯಾನ್ಸರ್‌ನಿಂದ ಸಾಯುವವರು ಗಣನೀಯವಾಗಿ ಕಡಿಮೆಯಾಗಿದ್ದರು. ಆದರೆ ಸೋಂಕು ತಗಲಿ ಸತ್ತವರು ಹೆಚ್ಚಾಗಿದ್ದರು. ಮುಂದೆ, ಶ್ವಾಸಕೋಶದ ಕ್ಯಾನ್ಸರ್ ಆಗಿಹೋದವರಿಗೆ ಅದೇ ಔಷಧ ಕೊಟ್ಟಾಗ ನಿರೀಕ್ಷಿಸಿದ ಗುಣ ಸಿಗಲಿಲ್ಲ. ಅತ್ತ ಇಮ್ಯುನೊಥೆರಪಿಯಲ್ಲಿ ಬ್ರೇಕ್ ತೆಗೆದಾಗ ಕೆಲವರ ಕರುಳು, ಥೈರಾಯ್ಡ್, ಯಕೃತ್ತು, ಶ್ವಾಸಕೋಶದಲ್ಲಿ ಉರಿಯೂತ ಎದ್ದು, ಅದನ್ನು ತಣಿಸಲು ಸ್ಟೀರಾಯ್ಡ್ ಕೊಡಬೇಕಾಗುತ್ತದೆ. ಇಷ್ಟು ನಾಜೂಕಿನ ವ್ಯವಸ್ಥೆಯನ್ನು ಬೆಳಿಗ್ಗೆ ಒಂದು ಚಮಚ, ರಾತ್ರಿ ಒಂದು ಚಮಚ ಎಂದು ತಿರುಗಿಸಲು ಸಾಧ್ಯವೇ?

ನಿಜ ಹೇಳಬೇಕೆಂದರೆ ‘ಹೆಚ್ಚಿಸುವುದು’ ಯುನಾನಿಯ ಗುರಿಯೇ ಅಲ್ಲ. ನಾವು ಕಲಿತದ್ದು ಇಅ್‌ತಿದಾಲ್, ಅಂದರೆ ಮಿಝಾಜ್‌ನ ಸಮತೋಲ. ಬಿಸಿ ಹೆಚ್ಚಾದಲ್ಲಿ ತಂಪು, ಒಣಗಿದಲ್ಲಿ ತೇವ. ಎಲ್ಲರಿಗೂ ಎಲ್ಲ ಕಾಲಕ್ಕೂ ಒಂದೇ ತಾಕತ್ತಿನ ಮಾಜೂನ್ ಎಂಬುದು ಮಾರುಕಟ್ಟೆ ಹುಟ್ಟಿಸಿದ್ದು. ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ನಲ್ಲಿ ಸರತಾನ್ ಬಗ್ಗೆ ಬರೆದಿದ್ದಾರೆ. ಸರತಾನ್ ಎಂದರೆ ಏಡಿ. ಸುತ್ತಲಿನ ರಕ್ತನಾಳಗಳು ಏಡಿಯ ಕಾಲುಗಳಂತೆ ಚಾಚಿಕೊಂಡಿರುವುದರಿಂದ ಆ ಹೆಸರು. ಮೊದಲ ಹಂತದಲ್ಲಿದ್ದರೆ ಏನಾದರೂ ಮಾಡಬಹುದು, ಬಲಿತ ಮೇಲೆ ಕಷ್ಟ ಎಂಬ ಎಚ್ಚರಿಕೆ ಅವರಲ್ಲಿದೆ. ಕುರ್ತುಬಾದ ಶಸ್ತ್ರವೈದ್ಯ ಅಲ್ ಝಹ್ರಾವಿಯವರೂ ಗಡ್ಡೆ ಚಿಕ್ಕದಿದ್ದಾಗ, ಪೂರ್ತಿ ಕತ್ತರಿಸಲು ಬರುವ ಜಾಗದಲ್ಲಿದ್ದಾಗ ಮಾತ್ರ ಕೈ ಹಾಕಬೇಕೆಂದರು. ದೊಡ್ಡದಾದ ಮೇಲೆ ತಾವು ಯಾರನ್ನೂ ಗುಣಪಡಿಸಿಲ್ಲ, ಗುಣವಾದವರನ್ನು ಕಂಡೂ ಇಲ್ಲ ಎಂದು ಬರೆದಿಟ್ಟರು. ಸಾವಿರ ವರ್ಷದ ಹಿಂದಿನ ಆ ಪ್ರಾಮಾಣಿಕತೆ ಇಂದು ಯೂಟ್ಯೂಬ್‌ನಲ್ಲಿ ಸರತಾನ್‌ಗೆ ಶರ್ತಿಯಾ ಇಲಾಜ್ ಎನ್ನುವವರಲ್ಲಿ ಕಾಣುವುದಿಲ್ಲ. ಹಾಗೆಯೇ ಮ್ಯಾಕ್ರೊಫೇಜ್, ಟಿ ಕಣ ಎಲ್ಲವೂ ಹಳೆಯ ಗ್ರಂಥಗಳಲ್ಲೇ ಇತ್ತು ಎಂದು ಎದೆ ತಟ್ಟಿಕೊಳ್ಳುವುದೂ ನನಗೆ ಸರಿ ಕಾಣುವುದಿಲ್ಲ. ಇರಲಿಲ್ಲ. ಸೂಕ್ಷ್ಮದರ್ಶಕವಿಲ್ಲದೆ ಅವರು ಕಣ್ಣಿಗೆ ಕಂಡದ್ದನ್ನು ಚೆನ್ನಾಗಿ ಕಂಡರು. ಅವರ ದೊಡ್ಡತನಕ್ಕೆ ಅಷ್ಟೇ ಸಾಕು.

ಕಲೋಂಜಿಯ ಮಾತು ಇಲ್ಲಿ ಬಂದೇ ಬರುತ್ತದೆ. ಆ ಹದೀಸ್ ನಮ್ಮೆಲ್ಲರಿಗೂ ಗೊತ್ತು, ನಾವು ಅದನ್ನು ನಂಬುತ್ತೇವೆ. ಕಲೋಂಜಿಯಲ್ಲಿರುವ ಥೈಮೊಕ್ವಿನೋನ್ ಎಂಬ ಅಂಶ ಪ್ರಯೋಗಾಲಯದಲ್ಲಿ ಉರಿಯೂತವನ್ನು ತಗ್ಗಿಸಿದ್ದೂ ನಿಜ. ಆದರೆ ಚಿಕಿತ್ಸೆ ಪಡೆಯಿರಿ ಎಂದು ಆದೇಶಿಸಿದವರೂ ಅದೇ ಪ್ರವಾದಿವರ್ಯರು(ಸ). ಕಲೋಂಜಿಯ ಹೆಸರು ಹೇಳಿ ಆಪರೇಷನ್ ದಿನಾಂಕ ಮುಂದೂಡುವುದಕ್ಕೆ ದೀನ್‌ನಲ್ಲಿ ಆಧಾರವಿಲ್ಲ. ಹಿಜಾಮದ ವಿಷಯದಲ್ಲೂ ಅಷ್ಟೇ. ಕೀಮೋ ನಡೆಯುತ್ತಿರುವವರಿಗೆ ಬಿಳಿಕಣ, ಪ್ಲೇಟ್‌ಲೆಟ್ ಎರಡೂ ಇಳಿದಿರುತ್ತವೆ. ಆಗ ಚರ್ಮ ಗೀರಿ ರಕ್ತ ತೆಗೆದರೆ ರಕ್ತಸ್ರಾವ ನಿಲ್ಲದೆ ಹೋಗಬಹುದು, ಸೋಂಕು ಒಳಗೆ ಹೋಗಬಹುದು. ಅಮೃತಬಳ್ಳಿಯನ್ನು ನಾವೂ ಗಿಲೋ ಎಂದು ಬಳಸುತ್ತೇವೆ. ಕೊರೋನಾ ಕಾಲದಲ್ಲಿ ಅದರ ಕಷಾಯ ಕುಡಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ಕಂಡಿದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಿವಾದ ಏನೇ ಇರಲಿ, ಕೀಮೋ ತೆಗೆದುಕೊಳ್ಳುವ ಯಕೃತ್ತಿನ ಮೇಲೆ ಇನ್ನೊಂದು ಭಾರ ಹೇರುವ ಮುನ್ನ ಕ್ಯಾನ್ಸರ್ ತಜ್ಞರಿಗೆ ಹೇಳಿ ಕೇಳಬೇಕು. ಕ್ಯಾನ್ಸರ್ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ, ಯುನಾನಿಯವರಿಗೂ ಸೇರಿ. ಇದು ನನ್ನ ವೃತ್ತಿಬಾಂಧವರಿಗೆ ಹೇಳುವ ಮಾತು.

ಯುನಾನಿಗೆ ಕೆಲಸವೇ ಇಲ್ಲ ಎಂದಲ್ಲ. ಹಸಿವಿಲ್ಲದಿರುವುದು, ಮಲಬದ್ಧತೆ, ನಿದ್ದೆ ಬಾರದಿರುವುದು, ಇವುಗಳಲ್ಲಿ ತಜ್ಞರ ಒಪ್ಪಿಗೆ ಪಡೆದು ನಾವು ನೆರವಾಗಬಹುದು. ಆದರೆ ನಮ್ಮ ದೊಡ್ಡ ಕೆಲಸ ಇರುವುದು ಕ್ಯಾನ್ಸರ್ ಬರುವುದಕ್ಕೆ ಮೊದಲು. ಆರದೆ ಉರಿಯುತ್ತಿರುವ ಉರಿಯೂತ ಎಲ್ಲಿದೆ ಎಂದು ಹುಡುಕಿ, ಅದರ ಮುಳ್ಳು ಕೀಳಿಸುವುದು. ಆ ಮುಳ್ಳುಗಳ ಹೆಸರು ಗೊತ್ತಿರುವಾಗ ಬೂಸ್ಟರ್ ಹುಡುಕಿಕೊಂಡು ಹೋಗುವುದೇಕೆ?

ಯಕೃತ್ತಿನಲ್ಲಿ ಅದರ ಹೆಸರು ಹೆಪಟೈಟಿಸ್ ಬಿ. ಈ ವೈರಸ್ ಯಕೃತ್ತಿನ ಕೋಶಗಳನ್ನು ತಾನಾಗಿ ಅಷ್ಟೇನೂ ಕೊಲ್ಲುವುದಿಲ್ಲ. ಅದನ್ನು ಓಡಿಸಲು ಬಂದ ನಮ್ಮದೇ ಟಿ ಕಣಗಳು ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುತ್ತವೆ. ಪೂರ್ತಿ ಗೆಲ್ಲಲಾಗದೆ ಇಪ್ಪತ್ತು ಮೂವತ್ತು ವರ್ಷ ಹೋರಾಡುತ್ತಲೇ ಇದ್ದರೆ ಯಕೃತ್ತು ಗಟ್ಟಿಯಾಗಿ ಸಿರೋಸಿಸ್, ನಂತರ ಕ್ಯಾನ್ಸರ್. ಇಲ್ಲಿ ಇಮ್ಯೂನಿಟಿ ಹೆಚ್ಚಿಸುತ್ತೇನೆ ಎನ್ನುವವನು ಏನು ಹೇಳುತ್ತಿದ್ದಾನೆಂದು ಯೋಚಿಸಿ. ಮಗು ಹುಟ್ಟಿದ 24 ಗಂಟೆಯೊಳಗೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ ಲಸಿಕೆ ಇದನ್ನು ತಡೆಯುತ್ತದೆ. ಮನೆಯಲ್ಲಿ ಒಬ್ಬರಿಗೆ ಇದ್ದರೆ ಎಲ್ಲರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಮಾಜೂನ್ ದಬೀದುಲ್ ವರ್ದ್ ತಿನ್ನುತ್ತಾ ಪರೀಕ್ಷೆ ಮರೆಯುವುದು ಬೇಡ. ವೈರಸ್ಸನ್ನು ಅದುಮಿಡುವ ಮಾತ್ರೆಗಳಿವೆ, ಅವು ಬೇಕೇ ಬೇಡವೇ ಎಂಬುದನ್ನು ತಜ್ಞರು ನಿರ್ಧರಿಸುತ್ತಾರೆ.

ಹೊಟ್ಟೆಯಲ್ಲಿ ಅದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಜಠರದ ಗೋಡೆಯಲ್ಲಿ ದಶಕಗಟ್ಟಲೆ ಉರಿಯೂತ ಹಚ್ಚಿಡುತ್ತದೆ. ಎಲ್ಲರಲ್ಲಲ್ಲ, ಕೆಲವರಲ್ಲಿ ಕ್ಯಾನ್ಸರ್‌ಗೆ ದಾರಿ ಮಾಡುತ್ತದೆ. ಇದನ್ನು ಪತ್ತೆ ಮಾಡಿದ ಆಸ್ಟ್ರೇಲಿಯಾದ ಇಬ್ಬರಿಗೆ 2005ರಲ್ಲಿ ನೊಬೆಲ್ ಬಂತು. ಒಬ್ಬರಂತೂ ಜನ ನಂಬಲೆಂದು ಆ ಬ್ಯಾಕ್ಟೀರಿಯಾವನ್ನೇ ಕುಡಿದರು! ಎರಡು ವಾರದ ಆಂಟಿಬಯೋಟಿಕ್ ಕೋರ್ಸ್‌ನಿಂದ ಹೆಚ್ಚಿನವರಲ್ಲಿ ಇದು ಹೋಗುತ್ತದೆ. ಐದಾರು ವರ್ಷದಿಂದ ಜವಾರಿಶ್ ಜಾಲೀನೂಸ್, ಗ್ಯಾಸ್ ಮಾತ್ರೆ ಎಂದು ದಿನ ತಳ್ಳುತ್ತಿರುವವರು, ವಿಶೇಷವಾಗಿ ತೂಕ ಇಳಿಯುತ್ತಿದ್ದರೆ, ಮಲ ಕಪ್ಪಾಗುತ್ತಿದ್ದರೆ, ಎಂಡೋಸ್ಕೋಪಿಗೆ ಹೆದರಬಾರದು. ಹೊಟ್ಟೆಯ ಸುತ್ತ ಕೂಡಿದ ಕೊಬ್ಬು ಕೂಡ ಮ್ಯಾಕ್ರೊಫೇಜ್‌ಗಳ ತಂಗುದಾಣ. ದೊಡ್ಡ ಕರುಳು, ಗರ್ಭಕೋಶ, ಮುಟ್ಟು ನಿಂತ ನಂತರದ ಸ್ತನ ಕ್ಯಾನ್ಸರ್‌ಗೆ ಅದರ ನಂಟಿದೆ. ಬಿರಿಯಾನಿಯ ಬಗ್ಗೆ ಇಲ್ಲಿ ಬರೆದರೆ ಸಂಪಾದಕರಿಗೆ ಪತ್ರಗಳು ಬರುತ್ತವೆ, ಬಿಡೋಣ.

ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಮುಳ್ಳು ಇರುವುದು ಬಾಯಿಯಲ್ಲಿ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಎಷ್ಟೋ ಮನೆಗಳ ಅನ್ನ ಅದರಿಂದಲೇ ಎಂಬುದು ನನಗೆ ಗೊತ್ತು. ಆದರೂ ಹೇಳಲೇಬೇಕು. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಘೋಷಿಸಿದೆ. “ನಾನು ತಂಬಾಕು ಹಾಕುವುದಿಲ್ಲ, ಬರೀ ಸುಪಾರಿ” ಎನ್ನುವವರಿಗೆ ಈ ಮಾತು ಇಷ್ಟವಾಗುವುದಿಲ್ಲ. ಅಡಿಕೆಯನ್ನು ಕೆನ್ನೆಯಲ್ಲಿ ಇಟ್ಟುಕೊಂಡಷ್ಟು ಹೊತ್ತೂ ಅದರ ಸಾರ ಒಳಪದರವನ್ನು ಕೆರಳಿಸುತ್ತದೆ. ಬಿಳಿಕಣಗಳು ಅಲ್ಲಿ ಬಂದು ಸೇರುತ್ತವೆ. ಅವುಗಳ ಸಂದೇಶಕ್ಕೂ ಅಡಿಕೆಯ ಅರೆಕೊಲಿನ್‌ಗೂ ಓಗೊಟ್ಟು, ನಾರು ತಯಾರಿಸುವ ಕೋಶಗಳು ನಾರಿನ ಮೇಲೆ ನಾರು ಹೆಣೆಯುತ್ತವೆ. ಕೆನ್ನೆಯ ಒಳಭಾಗ ಬಿಳಿಚಿಕೊಂಡು ಹಲಗೆಯಂತೆ ಗಟ್ಟಿಯಾಗುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಇದರ ಹೆಸರು. ಮೊದಲು ಖಾರದ ಸಾರು ಉರಿಯುತ್ತದೆ. ಆಮೇಲೆ ಬಾಯಿ ಪೂರ್ತಿ ತೆರೆಯಲಾಗುವುದಿಲ್ಲ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ 66 ಮಂದಿಯನ್ನು 17 ವರ್ಷ ಗಮನಿಸಿದಾಗ ಐವರಿಗೆ ಬಾಯಿಯ ಕ್ಯಾನ್ಸರ್ ಬಂದಿತ್ತು.

ಕರ್ನಾಟಕದಲ್ಲಿ ಗುಟ್ಕಾ 2013ರಲ್ಲಿ ನಿಷೇಧವಾಯಿತು. ಈಗ ಪಾನ್ ಮಸಾಲ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು. ಬೆರೆಸುವ ಕೆಲಸ ಹುಡುಗರದ್ದು. ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗರು ಎರಡು ಬೆರಳೂ ಹೋಗದಷ್ಟು ಬಾಯಿ ಬಿಗಿದುಕೊಂಡು ಬರುತ್ತಾರೆ. ಕೇಳುವುದು ಮಾತ್ರ ಬಾಯಿಹುಣ್ಣಿಗೆ ಔಷಧ, ಜೊತೆಗೆ ಇಮ್ಯೂನಿಟಿಗೆ ಏನಾದರೂ.

ಕೆಲವು ಕೆಲಸಗಳು ನಮ್ಮ ಕೈಯಲ್ಲೇ ಇವೆ. ನಿಕಾಹ್, ವಲೀಮಾದ ಊಟ ಮುಗಿದ ಕೂಡಲೇ ಬಾಗಿಲ ಬಳಿ ತಟ್ಟೆಯಲ್ಲಿ ಸ್ವೀಟ್ ಬೀಡಾ, ಬಣ್ಣದ ಸುಪಾರಿ ಪಾಕೀಟು ಇಡುತ್ತೇವೆ. ಆರು ವರ್ಷದ ಮಗುವೂ ಎರಡು ಎತ್ತಿಕೊಂಡು ಜೇಬಿಗೆ ಹಾಕುತ್ತದೆ. ಎಷ್ಟೋ ಮಂದಿಯ ಚಟ ಶುರುವಾಗುವುದು ಅಲ್ಲಿಂದಲೇ. ಅದರ ಬದಲು ಖರ್ಜೂರವೋ ಸೋಂಪೋ ಇಟ್ಟರೆ ಅತಿಥಿ ಸತ್ಕಾರಕ್ಕೆ ಯಾವ ಕೊರತೆಯೂ ಆಗದು. ಮೊಹಲ್ಲಾ ಕಮಿಟಿಗಳು ಮನಸ್ಸು ಮಾಡಿದರೆ ಒಂದೇ ಮದುವೆ ಸೀಸನ್ನಿನಲ್ಲಿ ಇದು ಬದಲಾದೀತು. ಮೂವತ್ತು ದಿನ ಸಹ್ರಿಯಿಂದ ಇಫ್ತಾರ್‌ವರೆಗೆ ಗುಟ್ಕಾ ಮುಟ್ಟದೆ ಇರಬಲ್ಲ ಯುವಕನಿಗೆ ಬಿಡುವ ಶಕ್ತಿ ಇಲ್ಲ ಎಂದು ನಾನು ನಂಬುವುದಿಲ್ಲ. ಅವನು ಸೋಲುವುದು ತರಾವೀಹ್ ಮುಗಿದ ಮೇಲೆ, ಗೆಳೆಯರ ಗುಂಪಿನಲ್ಲಿ, ಅಂಗಡಿಯ ಮುಂದೆ. ಹಿರಿಯರು ಅವನೊಂದಿಗೆ ಆ ಹೊತ್ತಿನಲ್ಲಿ ಇದ್ದರೆ ಒಳ್ಳೆಯದು.

ವುಝೂ ಮಾಡುವಾಗ ದಿನಕ್ಕೆ ಐದು ಸಲ ಬಾಯಿ ಮುಕ್ಕಳಿಸುತ್ತೇವೆ. ತಿಂಗಳಿಗೊಮ್ಮೆ ಆ ಹೊತ್ತಿನಲ್ಲಿ ಕನ್ನಡಿಯ ಮುಂದೆ ನಿಂತು, ಮೊಬೈಲ್ ಟಾರ್ಚ್ ಹಿಡಿದು ನೋಡಿಕೊಳ್ಳಿ. ಕೆನ್ನೆಯ ಒಳಗೆ, ನಾಲಿಗೆಯ ಅಂಚಿನಲ್ಲಿ, ನಾಲಿಗೆಯ ಅಡಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಇದೆಯೇ? ಮೂರು ವಾರ ಕಳೆದರೂ ಮಾಗದ ಹುಣ್ಣು ಇದೆಯೇ? ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿದರೆ ಹಲ್ಲುಗಳ ನಡುವೆ ಹೋಗುತ್ತವೆಯೇ? ಅನುಮಾನ ಬಂದರೆ ಜಿಲ್ಲಾಸ್ಪತ್ರೆಯ ದಂತ ವಿಭಾಗಕ್ಕೋ ಹತ್ತಿರದ ದಂತ ವೈದ್ಯಕೀಯ ಕಾಲೇಜಿಗೋ ಹೋಗಿ ತೋರಿಸಿ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ. ಕ್ಯಾನ್ಸರ್ ಎಂದೇ ತಿಳಿದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಿದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಹೋಗುವಾಗ ರೇಷನ್ ಕಾರ್ಡ್, ಆಧಾರ್ ಕಾರ್ಡ್ ಜೊತೆಗೆ, ಅಲ್ಲಿಯವರೆಗೆ ತೆಗೆದುಕೊಂಡ ಎಲ್ಲ ಔಷಧಗಳ ಚೀಟಿಗಳನ್ನೂ ಒಯ್ಯಿರಿ. ಹಕೀಮರು ಕೊಟ್ಟದ್ದನ್ನು ಮುಚ್ಚಿಡಬೇಡಿ, ಅದನ್ನೂ ತೋರಿಸಿ.